ಮಂಗಳೂರಿಂದ ಕಾಪುವಿಗೆ, ಮಾವನ ಹೊಸ ಕಣ್ಣಿನ ಜೊತೆ

ನನ್ನ ಸೋದರಮಾವ ಗಂಗೊಳ್ಳಿಯವರು. ಮಲ್ಪೆಯ ಬೋಟುಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವರು. ಕೊನೆಯ ಹತ್ತು ಹನ್ನೆರಡು ವರ್ಷ ತಾಂಡೇಲರಾಗಿದ್ದರು. ಅಂದರೆ ಬೋಟು ನಡೆಸುವವರು, ಬಲೆ ಎಲ್ಲಿ ಬಿಡಬೇಕು, ಯಾವಾಗ ಎತ್ತಬೇಕು, ಯಾವಾಗ ದಡಕ್ಕೆ ತಿರುಗಬೇಕು ಅಂತ ಹೇಳುವವರು. ಕಣ್ಣು ಮಂಜಾದ ಮೇಲೆ ಬೋಟು ಬಿಟ್ಟರು. ಬಿಟ್ಟು ಆರೇಳು ವರ್ಷ ಆದ ಮೇಲೆ ಈ ಅಕ್ಟೋಬರಿನಲ್ಲಿ ಅಂತೂ ಮಂಗಳೂರಿನಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಆಮೇಲೆ ಕದ್ರಿಯಲ್ಲಿ ಮಗಳ ಮನೆಯಲ್ಲಿದ್ದರು. ಡಿಸೆಂಬರ್ ಮೊದಲ ವಾರ ಅವರನ್ನು ಊರಿಗೆ ಬಿಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು.

ಕದ್ರಿಯಿಂದ ಗಂಗೊಳ್ಳಿಗೆ ಕಾರಿನಲ್ಲಿ ಹೆಚ್ಚೆಂದರೆ ಮೂರು ಗಂಟೆ. ನಾವು ಮೂರು ದಿನ ತೆಗೆದುಕೊಂಡೆವು. ಯಾಕೆಂದರೆ ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ಮಾವ ಮೆಲ್ಲಗೆ ಒಂದು ಮಾತು ತೆಗೆದರು. "ಕಾಪು ದೀಪ ಈಗ ಹ್ಯಾಂಗೆ ಕಾಣತ್ತ್ ಅಂತ ಒಂದ್ಸಲ ಕಾಂಬ, ಆಯ್ತಾ?" ಉಡುಪಿಯ ದಕ್ಷಿಣಕ್ಕೆ, ಕಾಪುವಿನ ಕಡಲ ದಂಡೆಯಲ್ಲಿರುವ ಲೈಟ್‌ಹೌಸಿನ ಮಾತು ಅದು.

ಪೊರೆ ಬಂದವರಿಗೆ ರಾತ್ರಿ ದೀಪ ನೋಡಿದರೆ ಸುತ್ತ ಬಳೆ ಕಟ್ಟಿದ ಹಾಗೆ ಕಾಣುತ್ತದೆ. ಕೆಲವೊಮ್ಮೆ ಒಂದು ಎರಡಾಗುತ್ತದೆ. ಸಮುದ್ರದಲ್ಲಿ ಇದು ಆಟ ಅಲ್ಲ. ಮಾವ ಬೋಟು ಬಿಟ್ಟಿದ್ದೂ ಅದಕ್ಕೇ. ನನಗೆ ಆ ಮಾತಿನ ಹಿಂದಿನ ಆಸೆ ಅರ್ಥವಾಯಿತು. ರಜೆ ಹೇಗೂ ಇತ್ತು. ಹಾಗಾದರೆ ದಾರಿಯಲ್ಲಿ ಸಿಗುವ ದೀಪಗಳನ್ನೆಲ್ಲ ನೋಡಿಕೊಂಡೇ ಹೋಗೋಣ ಅಂದೆ.

ಮಾತಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಫಲಕಗಳಲ್ಲಿ ದೀಪಸ್ತಂಭ ಅಂತ ಬರೆಯುತ್ತಾರೆ. ಆದರೆ ದೀಪಸ್ತಂಭ ಅಂದಾಗ ನನಗೆ ಮೊದಲು ನೆನಪಾಗುವುದು ದೇವಸ್ಥಾನದ ಎದುರಿನ ಕಲ್ಲಿನ ಕಂಬ. ಊರಿನಲ್ಲಿ ಎಲ್ಲರೂ ಹೇಳುವುದು ಲೈಟ್‌ಹೌಸ್. ಮಾವ ಎರಡೂ ಹೇಳುವುದಿಲ್ಲ, ಬರೀ 'ದೀಪ' ಅನ್ನುತ್ತಾರೆ. ಕಟ್ಟಡದ ಲೆಕ್ಕ ಅವರಿಗಿಲ್ಲ.

ಮೊದಲ ದಿನ: ಬಾವುಟಗುಡ್ಡೆ, ಬೋಳೂರು

ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್ ರೋಡಿನಲ್ಲಿ ದಿನಾ ಓಡಾಡುವವರು ಸಾವಿರಾರು ಜನ. ಲೈಟ್‌ಹೌಸ್ ಎಲ್ಲಿ ಅಂತ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಅದು ಬಾವುಟಗುಡ್ಡೆಯ ಮೇಲೆ, ಟ್ಯಾಗೋರ್ ಪಾರ್ಕಿನೊಳಗೆ ಇದೆ. ಬೆಳಿಗ್ಗೆ ಏಳಕ್ಕೆ ಹೋದೆವು. ವಾಕಿಂಗ್ ಬಂದ ಅಜ್ಜಂದಿರು, ಕಾಲೇಜು ಹುಡುಗರು, ಬೆಂಚಿನ ಮೇಲೆ ಪೇಪರ್. ನಡುವೆ ಒಂದು ಗಿಡ್ಡ ಗೋಪುರ. ಅದನ್ನು ನೋಡಿದ ತಕ್ಷಣ ಮಾವ ನಕ್ಕರು.

ಇದು ಹೈದರಾಲಿ ಕಾಲದ್ದು, ಹಡಗುಗಳ ಮೇಲೆ ಕಣ್ಣಿಡಲು ಕಟ್ಟಿಸಿದ್ದು ಅಂತ ಊರಿನ ಮಾತು. ಗಿಡ್ಡ ಆದರೇನು, ಗುಡ್ಡವೇ ಎತ್ತರ ಇದೆಯಲ್ಲ. ಆಗ ಇಲ್ಲಿ ನಿಂತರೆ ಬಂದರು, ನದಿ, ಅಳಿವೆ ಬಾಗಿಲು, ಅದರಾಚೆ ಸಮುದ್ರ ಎಲ್ಲ ಒಂದೇ ನೋಟಕ್ಕೆ ಸಿಗುತ್ತಿತ್ತು. ಈಗ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಸಮುದ್ರ ಹುಡುಕಬೇಕು. ನಾನು ಹುಡುಕಿದೆ. ನೀಲಿ ಗೆರೆ ಅಂತ ತೋರಿಸಿದ್ದು ಒಂದು ಕಟ್ಟಡದ ಮೇಲಿನ ನೀಲಿ ಶೀಟು ಅಂತ ಮಾವನ ಹೊಸ ಕಣ್ಣು ಪತ್ತೆ ಮಾಡಿತು.

ಗುಡ್ಡದ ಹೆಸರಿನಲ್ಲೇ ಬಾವುಟ ಇದೆ. ಇಲ್ಲಿ ಒಂದು ಕಾಲದಲ್ಲಿ ಬ್ರಿಟಿಷರ ಬಾವುಟ ಹಾರುತ್ತಿತ್ತು. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ದಂಡು ಕಟ್ಟಿಕೊಂಡು ಬಂದ ರೈತರು ಆ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಕಂಪನಿಯ ಸೈನ್ಯ ಬರುವ ತನಕ ಮಂಗಳೂರು ಅವರ ಕೈಯಲ್ಲಿತ್ತು. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು 2022ರಲ್ಲಿ ಇಲ್ಲೇ ನಿಲ್ಲಿಸಿದ್ದಾರೆ. ಯೋಚಿಸಿದರೆ ಬಾವುಟಕ್ಕೂ ದೀಪಕ್ಕೂ ಜಾಗ ಒಂದೇ ಆಗಿದ್ದು ಸರಿಯೇ. ಎರಡೂ ದೂರದವರಿಗೆ ಕಾಣಬೇಕಾದವು ಅಲ್ವಾ?

ಎದುರಿಗೇ ಅಲೋಶಿಯಸ್ ಕಾಲೇಜು. ಅದರ ಚಾಪೆಲಿನ ಗೋಡೆ, ಚಾವಣಿಗೆಲ್ಲ ಆಂಟೋನಿಯೋ ಮೊಸ್ಕೇನಿ ಅನ್ನುವ ಇಟಲಿಯವರು ಚಿತ್ರ ಬರೆದಿದ್ದಾರೆ. ಮಾವ ತಲೆ ಎತ್ತಿ ಹತ್ತು ನಿಮಿಷ ಸುಮ್ನೆ ನಿಂತರು. ಆಪರೇಷನ್ ಆದ ಮೇಲೆ ಬಣ್ಣ ಜಾಸ್ತಿ ಆಗಿದೆ ಅಂದರು. ಯಾವುದಕ್ಕೆ ಅಂದೆ. ಎಲ್ಲದಕ್ಕೂ ಅಂದರು.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ. ಫಲ್ಗುಣಿ ನದಿಗೆ ಮುಖ ಮಾಡಿ ನಿಂತಿದೆ. ಸುತ್ತ ಫಿರಂಗಿಯ ಕಿಂಡಿಗಳು, ಕೆಳಗೆ ಮದ್ದುಗುಂಡು ಇಡುವ ಕೋಣೆ. ಇದು ದೀಪದ ತದ್ವಿರುದ್ಧ ಅಂತ ನನಗನ್ನಿಸಿತು. ದೀಪದ ಗೋಪುರ ನಾನಿಲ್ಲಿದ್ದೇನೆ ಅಂತ ಕೂಗುತ್ತದೆ. ಬತ್ತೇರಿ ತಾನು ಕಾಣದ ಹಾಗೆ ಅಡಗಿ ಕೂತು ಬರುವವರನ್ನು ನೋಡುತ್ತದೆ.

ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿದೆವು. ದೋಣಿಯಲ್ಲಿ ಮಾವ ಅಳಿವೆಯ ಕಥೆ ತೆಗೆದರು. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಬಾಯಿ ಅದು. ನದಿ ತಂದ ಮರಳು, ಸಮುದ್ರ ತಳ್ಳಿದ ಮರಳು ಎರಡೂ ಅಲ್ಲಿ ಗುಡ್ಡೆ ಬೀಳುತ್ತದೆ. ಈ ವರ್ಷ ಇದ್ದ ಆಳ ಮುಂದಿನ ವರ್ಷ ಇರುವುದಿಲ್ಲ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ಕಾಲದಿಂದ ಹೆಂಚು ತುಂಬಿದ ಮಂಜಿಗಳು, ಅಂದರೆ ಸರಕಿನ ಹಾಯಿಹಡಗುಗಳು, ಇದೇ ಬಾಯಿಯಿಂದ ಹೊರಗೆ ಹೋಗಬೇಕಿತ್ತು. ದೊಡ್ಡ ಹಡಗು ಒಳಗೆ ಬರುವ ಮಾತೇ ಇಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಹೊಸ ಬಂದರು ಪಣಂಬೂರಿಗೆ ಹೋದದ್ದು ಸುಮ್ನೆ ಅಲ್ಲ.

ಎರಡನೆಯ ದಿನ: ಸುರತ್ಕಲ್, ಮತ್ತೆ ನನ್ನ ಪೆದ್ದುತನ

ಬೆಳಿಗ್ಗೆ ಬನ್ಸ್ ತಿಂದು ಹೊರಟೆವು. ಪಣಂಬೂರು ದಾಟಿ ಸುರತ್ಕಲ್. ನವ ಮಂಗಳೂರು ಬಂದರು ದೊಡ್ಡ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1972ರಲ್ಲಿ, ಸುರತ್ಕಲ್ಲಿನ ಲೈಟ್‌ಹೌಸ್ ಬಂತು. ಅಂಗಡಿ ತೆರೆಯುವ ಮೊದಲು ಬೋರ್ಡ್ ಹಾಕಿದ ಹಾಗೆ. ಎನ್‌ಐಟಿಕೆ ಬೀಚಿನ ಪಕ್ಕ, ಸದಾಶಿವ ದೇವಸ್ಥಾನದಿಂದ ಸ್ವಲ್ಪ ದೂರ. ನಾವು ಹೊರಗಿನಿಂದಲೇ ನೋಡಿದೆವು. ನೋಡಲು ಗಟ್ಟಿಮುಟ್ಟಾಗಿದೆ, ಆದರೆ ನನಗೆ ಅಷ್ಟೇನೂ ಹಿಡಿಸಲಿಲ್ಲ. ಸರ್ಕಾರಿ ಕಟ್ಟಡದ ಮುಖ ಅದಕ್ಕೆ.

ಮಧ್ಯಾಹ್ನ ಮಾವನಿಗೆ ಬಂಗುಡೆ ಫ್ರೈ ಆಗಬೇಕು ಅಂತ ಆಯಿತು. ಊಟ ಆದ ಮೇಲೆ ಕಾರಿನಲ್ಲೇ ನಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಮೂಲ್ಕಿಯಲ್ಲಿ ಶಾಂಭವಿ ಸೇತುವೆ, ಪಡುಬಿದ್ರಿ, ಉಚ್ಚಿಲ, ಎಲ್ಲ ನಿಧಾನಕ್ಕೆ ದಾಟಿ ಕಾಪು ಬೀಚಿಗೆ ಬಂದಾಗ ಸೂರ್ಯ ಮುಳುಗಿ ಹತ್ತು ನಿಮಿಷ ಆಗಿತ್ತು. ಗೇಟಿಗೆ ಬೀಗ. ಮೇಲೆ ಹೋಗಲು ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ ಅಂತ ನನಗೆ ಗೊತ್ತಿತ್ತು. ಎಷ್ಟು ಹೊತ್ತಿನ ತನಕ ಅಂತ ಮಾತ್ರ ವಿಚಾರಿಸಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಎಲ್ಲವನ್ನೂ ಫೋನಿನಲ್ಲಿ ನೋಡುವವನು, ಇದನ್ನು ನೋಡಿರಲಿಲ್ಲ.

"ಅಡ್ಡಿಲ್ಲ. ನಾಳಿಗ್ ಬಪ್ಪ" ಅಂದರು ಮಾವ. ಅವರು ಆಗಲೇ ಬಂಡೆಯ ಬುಡದಲ್ಲಿ ಕೂತಾಗಿತ್ತು.

ಗೇಟು ಹಾಕಿದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಅನ್ನಿಸಿತು. ಜನ ಒಬ್ಬೊಬ್ಬರೇ ಚುರುಮುರಿ ಪೊಟ್ಟಣ ಹಿಡಿದು ಹೊರಟರು. ಆಕಾಶದ ಕೆಂಪು ಆರಿತು. ದೀಪ ಹತ್ತಿತು. ಬುಡದಲ್ಲಿ ಕೂತವರಿಗೆ ಅದು ಏನೇನೂ ದೊಡ್ಡದಾಗಿ ಕಾಣಲಿಲ್ಲ. ಬೆಳಕೆಲ್ಲ ನಮ್ಮ ತಲೆಯ ಮೇಲಿನಿಂದ ದೂರ ಹೋಗುತ್ತಿತ್ತು. ದೀಪದ ಕೆಳಗೆ ಕತ್ತಲು ಅಂತಾರಲ್ಲ, ಅದು ಇಲ್ಲಿ ಬೇಕೆಂದೇ ಮಾಡಿದ ಏರ್ಪಾಡು. ಕೆಳಗೆ ಬಿದ್ದ ಬೆಳಕು ದಂಡ. ದಂಡೆಯವರಿಗೆ ಬೀದಿದೀಪ ಇದೆ.

"ಇಲ್ಲಿಂದ ಎಣ್ಸುಕ್ ಆತಿಲ್ಲ" ಅಂದರು ಮಾವ. ಎಣಿಸುವುದು ಏನನ್ನು ಅಂತ ಕೇಳಿದೆ. ನಾಳೆ ಹೇಳುತ್ತೇನೆ ಅಂತ ಎದ್ದರು.

ಮೂರನೆಯ ದಿನ: ಕಾಪು

ಬೆಳಿಗ್ಗೆ ಮಾರಿಗುಡಿಗೆ ಹೋಗಿ ಬಂದೆವು. ಕಾಪುವಿನಲ್ಲಿ ಮಾರಿಯಮ್ಮನಿಗೆ ಮೂರು ಗುಡಿ. ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಕಲ್ಯ ಮಾರಿಗುಡಿ. ಹೊಸ ಮಾರಿಗುಡಿಯನ್ನು ಈಚೆಗೆ ಕೆಂಪು ಕಲ್ಲಿನಲ್ಲಿ ಮತ್ತೆ ಕಟ್ಟಿದ್ದಾರೆ. ಈಗ ಬಸ್ಸುಗಟ್ಟಲೆ ಜನ ಬರುವುದು ಅದಕ್ಕೆ. ಆಮೇಲೆ ರೂಮಿನಲ್ಲಿ ಬಿದ್ದುಕೊಂಡು ನಾಲ್ಕು ಗಂಟೆಗೆ ಕಾದೆವು. ಈ ಸಲ ಮೂರೂಮುಕ್ಕಾಲಿಗೇ ಗೇಟಿನ ಎದುರು ನಾನು ಹಾಜರ್.

ಹಗಲು ಬೆಳಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಂಡೆ. ಮರಳಿನ ನಡುವೆ ಒಮ್ಮೆಲೇ ಎದ್ದ ಕಪ್ಪು ಬಂಡೆ. ಅದಕ್ಕೆ ಮೆಟ್ಟಿಲು. ಬಂಡೆಯ ನೆತ್ತಿಯ ಮೇಲೆ ದುಂಡನೆಯ ಗೋಪುರ, ಕಪ್ಪು ಬಿಳಿ ಪಟ್ಟೆ. ಎತ್ತರ 27.12 ಮೀಟರ್. ಕಟ್ಟಿದ್ದು 1901ರಲ್ಲಿ.

1901 ಅಂದರೆ ಎಂಥ ಕಾಲ ಅಂತ ಸ್ವಲ್ಪ ಯೋಚಿಸಿ. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಉಡುಪಿಯಿಂದ ಮಂಗಳೂರಿಗೆ ನೆಲದ ಮೇಲೆ ಹೋಗಬೇಕಾದರೆ ಉದ್ಯಾವರ ಹೊಳೆ, ಶಾಂಭವಿ, ಫಲ್ಗುಣಿ, ಒಂದೊಂದು ಕಡೆಯೂ ಕಡವು ದಾಟಬೇಕು. ಅಕ್ಕಿ, ಹೆಂಚು, ಉಪ್ಪು, ಒಣಮೀನು ಎಲ್ಲ ಹೋಗುತ್ತಿದ್ದುದು ನೀರಿನ ಮೇಲೆ. ಸಮುದ್ರವೇ ಹೆದ್ದಾರಿ. ಕಾಪುವಿನ ದೀಪ ಆ ಹೆದ್ದಾರಿಯ ಕೈಮರ. ಮತ್ತೆ ಇಲ್ಲಿ ಬಂಡೆಗಳು ದಡದಲ್ಲಿ ಮಾತ್ರ ಇಲ್ಲ. ಅಲೆ ಹಿಂದೆ ಸರಿದಾಗ ನೀರಿನಲ್ಲೂ ಅಲ್ಲಲ್ಲಿ ಕಪ್ಪು ತಲೆ ಏಳುತ್ತದೆ. ರಾತ್ರಿ ಗಾಳಿಗೆ ಸಿಕ್ಕಿ ದಡದ ಹತ್ತಿರ ಬಂದ ಮಂಜಿಯ ಗತಿ ಏನು ಅಂತ ಹೇಳಬೇಕಾಗಿಲ್ಲ.

ಮಾವ ಮೇಲೆ ಬರುವುದಿಲ್ಲ ಅಂದರು. ಮೊಣಕಾಲು ಒಂದು ನೆಪ. ನಿಜವಾದ ಕಾರಣವನ್ನು ಅವರೇ ಹೇಳಿದರು: "ಇದ್ ಹತ್ತುದ್ ಎಂತಕ್? ದೂರದಿಂದ ಕಾಂಬುಕೆ ಕಟ್ಟಿದ್ದ್." ಮೂವತ್ತು ವರ್ಷ ಇದನ್ನು ನೋಡುತ್ತ ಬದುಕಿದವರು ಒಮ್ಮೆಯೂ ಇದರ ಬುಡಕ್ಕೆ ಬಂದವರಲ್ಲವಂತೆ. ನಿನ್ನೆ ಸಂಜೆಯೇ ಮೊದಲು.

ನಾನೊಬ್ಬನೇ ಹತ್ತಿದೆ. ಒಳಗೆ ತಂಪು. ಗೋಡೆ ದಪ್ಪ. ಸುರುಳಿ ಮೆಟ್ಟಿಲು ಗೋಡೆಯನ್ನು ಹಿಡಿದುಕೊಂಡೇ ಮೇಲೇರುತ್ತದೆ. ಗೋಪುರ ದುಂಡಗೆ ಇರುವುದಕ್ಕೆ ಕಾರಣ ಇದೆ. ಗಾಳಿ ಯಾವ ಕಡೆಯಿಂದ ಬಂದರೂ ಮೈ ಸವರಿಕೊಂಡು ಜಾರಿ ಹೋಗಬೇಕು. ಚಪ್ಪಟೆ ಗೋಡೆಯಾದರೆ ಜೂನ್ ಜುಲೈಯ ಗಾಳಿ ಎದೆಗೆ ಗುದ್ದಿದ ಹಾಗೆ ಗುದ್ದುತ್ತದೆ. ಕೊನೆಗೆ ಕಡಿದಾದ ಏಣಿ, ಬಗ್ಗಿ ದಾಟಬೇಕಾದ ಪುಟ್ಟ ಬಾಗಿಲು. ಹೊರಗೆ ಕಾಲಿಟ್ಟರೆ ಗಾಳಿ ಕಿವಿಗೆ ಹೊಡೆಯಿತು.

ನೋಟದ ಬಗ್ಗೆ ಎಲ್ಲರೂ ಬರೆದಾಗಿದೆ. ತೆಂಗಿನ ತೋಟ, ಮರಳಿನ ಬಿಲ್ಲು, ಇತ್ಯಾದಿ. ನನಗೆ ಬೇಕಾಗಿದ್ದು ಬೆನ್ನ ಹಿಂದಿನ ಗಾಜಿನ ಕೋಣೆ. ಅದರೊಳಗೆ ಬಿಡುವುದಿಲ್ಲ, ಬಿಡಲೂ ಬಾರದು.

ಲೈಟ್‌ಹೌಸಿನ ಜೀವ ಇರುವುದು ದೀಪದಲ್ಲಿ ಅಲ್ಲ, ಅದರ ಸುತ್ತಲಿನ ಗಾಜಿನಲ್ಲಿ. ಯಾವ ದೀಪವಾದರೂ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಆಕಾಶಕ್ಕೆ, ನೆಲಕ್ಕೆ, ಬೇಕಾಗಿಲ್ಲದ ಕಡೆಗೆಲ್ಲ. ಅದನ್ನು ಒಟ್ಟು ಮಾಡಿ ಒಂದೇ ಕಡೆ ಕಳಿಸಬೇಕಾದರೆ ದೊಡ್ಡ ಲೆನ್ಸ್ ಬೇಕು. ಅಷ್ಟು ದೊಡ್ಡ ಲೆನ್ಸ್ ಮಾಡಿದರೆ ನಡುವೆ ಗಾಜು ಗೇಣುದ್ದ ದಪ್ಪ ಆಗುತ್ತದೆ. ತೂಕ ವಿಪರೀತ, ಬೆಳಕನ್ನೂ ಗಾಜೇ ನುಂಗುತ್ತದೆ. ಫ್ರಾನ್ಸಿನ ಓಗುಸ್ಟಾನ್ ಫ್ರೆನೆಲ್ ಇದಕ್ಕೆ ಉಪಾಯ ಹುಡುಕಿದ. ಬೆಳಕನ್ನು ಬಾಗಿಸುವುದು ಲೆನ್ಸಿನ ಹೊರಮೈ ಮಾತ್ರ. ಹೊಟ್ಟೆಯೊಳಗಿನ ಗಾಜು ದಂಡ. ಹಾಗಾಗಿ ಹೊಟ್ಟೆ ತೆಗೆದುಹಾಕಿ, ಹೊರಮೈಯನ್ನು ಮಾತ್ರ ಬಳೆ ಬಳೆಯಾಗಿ ಜೋಡಿಸಿದ. 1823ರಲ್ಲಿ ಕೊರ್ದುವಾನ್ ಅನ್ನುವ ಲೈಟ್‌ಹೌಸಿನಲ್ಲಿ ಅದು ಮೊದಲು ಹತ್ತಿತು. ಆಮೇಲೆ ಲೋಕದ ಲೈಟ್‌ಹೌಸುಗಳೆಲ್ಲ ಅದೇ ದಾರಿ ಹಿಡಿದವು.

ದೀಪದ ಕಥೆಯೂ ಚೆನ್ನಾಗಿದೆ. ಮೊದಲು ಎಲ್ಲ ಕಡೆ ಎಣ್ಣೆ, ಬತ್ತಿ. ಕಾಪುವಿನ ಗೋಪುರ ಎದ್ದ ಅದೇ 1901ರಲ್ಲಿ ಆರ್ಥರ್ ಕಿಟ್ಸನ್ ಎಂಬ ಇಂಗ್ಲೆಂಡಿನವನು ಲೈಟ್‌ಹೌಸಿಗೆ ಹೊಸ ಬರ್ನರ್ ಕಂಡುಹಿಡಿದ. ಸೀಮೆಎಣ್ಣೆಗೆ ಒತ್ತಡ ಕೊಟ್ಟು ಆವಿ ಮಾಡಿ, ಮ್ಯಾಂಟಲ್ ಮೇಲೆ ಉರಿಸುವುದು. ನಮಗೆ ಇದನ್ನು ವಿವರಿಸಿ ಹೇಳಬೇಕೇ? ಯಕ್ಷಗಾನದ ರಂಗಸ್ಥಳದಲ್ಲಿ ಬುಸ್ ಅಂತ ಉರಿಯುತ್ತಿದ್ದ ಗ್ಯಾಸ್‌ಲೈಟೂ ಇದೇ ಜಾತಿ. ಪಂಪ್ ಹೊಡೆಯುವ ಹುಡುಗ ನಿದ್ದೆ ಮಾಡಿದರೆ ರಕ್ಕಸನ ಬಣ್ಣ ಮಂಕಾಗುತ್ತಿತ್ತು. ಇಲ್ಲಿ ನಿದ್ದೆ ಮಾಡಿದರೆ ಹಡಗು ಬಂಡೆಗೆ ಬೀಳುತ್ತಿತ್ತು. ಹಳೆಯ ಲೈಟ್‌ಹೌಸುಗಳಲ್ಲಿ ಲೆನ್ಸ್ ತಿರುಗಿಸಲು ಗೋಡೆಗಡಿಯಾರದ ಹಾಗೆ ತೂಕ ಕಟ್ಟಿದ ಯಂತ್ರ ಇರುತ್ತಿತ್ತು. ತೂಕ ಕೆಳಗೆ ಇಳಿದ ಹಾಗೆ ಅದನ್ನು ಮತ್ತೆ ಸುತ್ತಿ ಮೇಲೆತ್ತಬೇಕು, ರಾತ್ರಿಯೆಲ್ಲ. ಕರೆಂಟ್ ಬಂದ ಮೇಲೆ ಆ ಕೆಲಸ ಹೋಯಿತು.

ಹಗಲು ಗಾಜಿಗೆ ಪರದೆ ಎಳೆಯುವ ಪದ್ಧತಿಯೂ ಇದೆ. ಸಮುದ್ರದ ಬಿಸಿಲಿಗೆ ಅಂತ ನಾನು ಅಂದುಕೊಂಡಿದ್ದೆ. ಬಿಸಿಲಿಗೇ, ಆದರೆ ನೆರಳಿಗಲ್ಲ. ಒಳಗಿನ ಬೆಳಕನ್ನು ಹೊರಗೆ ಕಳಿಸುವ ಲೆನ್ಸ್ ಹೊರಗಿನ ಸೂರ್ಯನನ್ನು ಒಳಗೂ ತರುತ್ತದೆ. ಮಕ್ಕಳು ಭೂತಗನ್ನಡಿಯಲ್ಲಿ ಕಾಗದ ಸುಡುತ್ತಾರಲ್ಲ, ಹಾಗೆ ದೀಪವನ್ನೇ ಸುಟ್ಟೀತು.

ಎತ್ತರದ ಲೆಕ್ಕವನ್ನು ಅಲ್ಲೇ ನಿಂತು ಫೋನಿನಲ್ಲಿ ಮಾಡಿದೆ. ಭೂಮಿ ಗುಂಡಗಿರುವುದರಿಂದ ದೂರದ್ದು ನೀರಿನ ಕೆಳಗೆ ಮರೆಯಾಗುತ್ತದೆ. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಾಣುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ದೀಪ 25 ಮೀಟರ್ ಮೇಲಿದ್ದರೆ ಸುಮಾರು 18 ಕಿ.ಮೀ. ಬೋಟಿನ ಮೇಲೆ ನಿಂತವನ ಕಣ್ಣು ನೀರಿನಿಂದ 4 ಮೀಟರ್ ಮೇಲಿದ್ದರೆ ಇನ್ನೊಂದು 7 ಸೇರಿಸಿ. ಒಟ್ಟು 25. ಈ ಲೆಕ್ಕದಲ್ಲಿ ಒಂದು ಜಿಪುಣತನ ಇದೆ. ಗೋಪುರದಿಂದ ಎರಡು ಪಟ್ಟು ದೂರ ಕಾಣಬೇಕಾದರೆ ನಾಲ್ಕು ಪಟ್ಟು ಎತ್ತರ ಕಟ್ಟಬೇಕು. ಹಾಗಾಗಿ ಎತ್ತರದ ಬಂಡೆ ಪುಕ್ಕಟೆಯಾಗಿ ಸಿಕ್ಕರೆ ಯಾವ ಇಂಜಿನಿಯರ್ ಬಿಡುತ್ತಾನೆ?

ಕೆಳಗೆ ಬಂದು ಇದನ್ನೆಲ್ಲ ಮಾವನಿಗೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಅವರ ಪಾಠ ಶುರುವಾಯಿತು.

ಸಮುದ್ರದಿಂದ ನೋಡಿದರೆ ನಮ್ಮ ಕರಾವಳಿ ಎಲ್ಲ ಒಂದೇ ಥರ. ಒಂದು ಹಸಿರು ಗೆರೆ, ಅಷ್ಟೇ. ಕಾಪುವಿನ ತೆಂಗು ಬೇರೆ, ಮಲ್ಪೆಯ ತೆಂಗು ಬೇರೆ ಅಂತ ಬರೆದಿರುವುದಿಲ್ಲ. ಆಕಾಶ ಚೊಕ್ಕವಾಗಿದ್ದರೆ ಘಟ್ಟದ ತಲೆಗಳು ಕಾಣುತ್ತವೆ. ಕುದುರೆಮುಖಕ್ಕೆ ಆ ಹೆಸರು ಬಂದಿದ್ದೇ ಸಮುದ್ರದ ಕಡೆಯಿಂದ ನೋಡಿದಾಗ ಕುದುರೆಯ ಮೋರೆಯ ಹಾಗೆ ಕಾಣುವುದರಿಂದ. ಆದರೆ ಮೋಡ ಕವಿದರೆ ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ. ಆಗ ಬೇಕು ಈ ಪಟ್ಟೆ. ಬರೀ ಬಿಳಿ ಇದ್ದರೆ ಮಂಜಿನ ಆಕಾಶದಲ್ಲಿ ಕರಗಿಹೋಗುತ್ತದೆ. ಬರೀ ಕಪ್ಪಾದರೆ ತೋಟದ ನೆರಳಿನಲ್ಲಿ ಕಳೆದುಹೋಗುತ್ತದೆ. ಎರಡೂ ಇದ್ದರೆ ಒಂದಾದರೂ ಕಣ್ಣಿಗೆ ಸಿಗುತ್ತದೆ. ನಾವು ಫೋಟೋಕ್ಕೆ ಚೆಂದ ಅಂದುಕೊಂಡದ್ದು ಅವರಿಗೆ ಊರಿನ ಬೋರ್ಡು.

ರಾತ್ರಿಯ ಬೋರ್ಡು ಬೇರೆ. ದೀಪ ಮಿನುಗುವುದಿಲ್ಲ, ಆರಿ ಹತ್ತುವುದಿಲ್ಲ. ಒಳಗೆ ಅದು ಉರಿಯುತ್ತಲೇ ಇರುತ್ತದೆ, ಲೆನ್ಸ್ ತಿರುಗುತ್ತದೆ. ಬೆಳಕಿನ ಕೋಲು ನಮ್ಮ ಕಣ್ಣಿನ ಮೇಲೆ ಹಾದಾಗ ಮಾತ್ರ ಮಿಂಚಿದ ಹಾಗೆ ಆಗುತ್ತದೆ. ಎಷ್ಟು ಮಿಂಚು, ನಡುವೆ ಎಷ್ಟು ಕತ್ತಲು, ಇದು ಒಂದೊಂದು ಲೈಟ್‌ಹೌಸಿಗೆ ಒಂದೊಂದು. ಅಕ್ಕಪಕ್ಕದ ಎರಡಕ್ಕೆ ಒಂದೇ ತಾಳ ಇಡುವುದಿಲ್ಲ. ಹಾಗಾಗಿ ಬೋಟಿನವರು ದೀಪ ನೋಡುವುದಿಲ್ಲ, ಎಣಿಸುತ್ತಾರೆ. ಎಣಿಸಿದರೆ ಊರಿನ ಹೆಸರು ಸಿಗುತ್ತದೆ. ಕಾಪುವಿನ ತಾಳ ಎಷ್ಟು ಅಂತ ನಾನಿಲ್ಲಿ ಬರೆಯುವುದಿಲ್ಲ. ನೀವೇ ಹೋಗಿ ಎಣಿಸಿ.

ಜಿಪಿಎಸ್ ಬಂದ ಮೇಲೂ ಬೇಕಾ ಇದು ಅಂತ ಕೇಳಿದೆ. ಬೋಟಿನಲ್ಲಿ ಅದೂ ಇತ್ತು ಅಂದರು. ಪರದೆಯಲ್ಲಿ ಬೋಟು ಎಲ್ಲಿದೆ ಅಂತ ಅದು ತೋರಿಸುತ್ತದೆ. ಬ್ಯಾಟರಿ ಹೋದರೆ, ಉಪ್ಪುನೀರು ಹೊಕ್ಕರೆ, ಬೆಳಗಿನ ಜಾವ ಮೂರು ಗಂಟೆಗೆ ತಲೆ ಎತ್ತಿ ಕತ್ತಲಲ್ಲಿ ಎಣಿಸುವುದೇ ಗತಿ. ಪರದೆ ಸರಿ ಇದ್ದಾಗಲೂ ಎಣಿಸುತ್ತಿದ್ದೆ ಅಂದರು. ಯಾಕೆ ಅಂದರೆ ಉತ್ತರ ಬರಲಿಲ್ಲ.

ಸೂರ್ಯ ಮುಳುಗಿದ ಮೇಲೆ ಹೊರಟೆವು. ಹೆದ್ದಾರಿ ಬಿಟ್ಟು ಕಡಲ ದಂಡೆಯ ರಸ್ತೆ ಹಿಡಿದೆ. ಕೈಪುಂಜಾಲು ದಾಟಿ ಮಟ್ಟು. ಮಟ್ಟು ಗುಳ್ಳ ಅನ್ನುವ ಬದನೆಯ ಊರು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಒಂದು ಕಾರು ಹೋಗುವಷ್ಟು ರಸ್ತೆ. ಬೀದಿದೀಪ ಕಡಿಮೆಯಾದ ಜಾಗದಲ್ಲಿ ಮಾವ "ಗಾಡಿ ನಿಲ್ಸ್" ಅಂದರು.

ಇಳಿದು ತಡೆಗೋಡೆಯ ಕಲ್ಲುಗಳ ಹತ್ತಿರ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನಿಂತರು. ತೆಂಗಿನ ತಲೆಗಳ ಮೇಲೆ ಬೆಳಕು ಬಂತು, ಹೋಯಿತು. ಅವರು ಮೊದಲು ಎಡಗಣ್ಣು ಮುಚ್ಚಿಕೊಂಡು ನೋಡಿದರು. ಆಮೇಲೆ ಬಲಗಣ್ಣು. ಆಮೇಲೆ ಎರಡೂ ತೆರೆದು, ಬೆರಳು ಮಡಿಸಿಕೊಂಡು, ತುಟಿಯಲ್ಲೇ ಎಣಿಸತೊಡಗಿದರು. ನಾನೂ ಎಣಿಸಿದೆ. ನಡುವೆ ಒಂದು ಬೈಕು ಹೋಗಿ ನನ್ನ ಲೆಕ್ಕ ತಪ್ಪಿತು. ಅವರು ಮೂರು ಸುತ್ತು ಪೂರ್ತಿ ಎಣಿಸಿದರು.

"ಬಳೆ ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸಮ ಇತ್ತ್. ಕಾಪುವೇ. ಹೋಪ."

ಕಾರಿನಲ್ಲಿ ಕೂತ ಮೇಲೆ ಪಡುಕರೆ ಸೇತುವೆ ಬರುವ ತನಕ ಅವರು ಕಿಟಕಿ ಗಾಜು ಇಳಿಸಿಯೇ ಇಟ್ಟಿದ್ದರು. ತಲೆ ಹೊರಗೆ ಹಾಕಬೇಡಿ ಮಾವ, ಕಣ್ಣಿಗೆ ಧೂಳು ಬೀಳುತ್ತದೆ ಅಂತ ಎರಡು ಸಲ ಹೇಳಿದೆ. ಕೇಳಲಿಲ್ಲ.